ಕಾರ್ಡು ಇದ್ದರೆ ಸೀರೆ ಮತ್ತೆ ನೇಯಬಹುದು

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವರು ಗಾಜಿನ ಪೆಟ್ಟಿಗೆಯಿಂದ ತೆಗೆದು ನನ್ನ ಕೈಗಿಟ್ಟದ್ದು ಅಂಗೈಗಿಂತ ಚಿಕ್ಕದಾದ ಒಂದು ಹಸಿರು ಹಲಗೆ. ಮೇಲೆ ಕಪ್ಪು ಚಿಪ್ಪುಗಳು, ಒಂದು ಅಂಚಿಗೆ ನಾಲ್ಕು ಯುಎಸ್‌ಬಿ ಕಿಂಡಿಗಳು. ಪರದೆ ಇಲ್ಲ, ಕೀಬೋರ್ಡ್ ಇಲ್ಲ, ಮೈ ಮುಚ್ಚುವ ಡಬ್ಬಿಯೂ ಇಲ್ಲ. "ಇದೇ ಕಂಪ್ಯೂಟರಾ?" ಎಂದು ಕೇಳಿದೆ. "ಇದೇ ಸಾರ್. ಮಿಕ್ಕಿದ್ದೆಲ್ಲ ನೀವೇ ಜೋಡಿಸ್ಕೋಬೇಕು" ಎಂದರು.

2018ರ ದಸರಾ ರಜೆ. ಅಣ್ಣನ ಮಗಳು ಪುಟ್ಟಿಗೆ ಏನಾದರೂ ಕೊಡಿಸಬೇಕೆಂದು ದೊಡ್ಡಬಳ್ಳಾಪುರದಿಂದ ಬೆಳಗಿನ ಬಸ್ಸಿಗೇ ಹೊರಟಿದ್ದೆ. ಅವಳಾಗ ಆರನೇ ಕ್ಲಾಸು. ಮನೆಯಲ್ಲಿ ಮಿಕ್ಸಿ ಕೆಟ್ಟರೆ ಸ್ಕ್ರೂಡ್ರೈವರ್ ಹಿಡಿದು ಮೊದಲು ಕೂರುವವಳು ಅವಳೇ. ಬಟ್ಟೆ, ಬೊಂಬೆ ಯಾವುದೂ ಅವಳಿಗೆ ಬೇಕಿರಲಿಲ್ಲ. ನನ್ನನ್ನು ಒಪ್ಪಿಸಿದ್ದು ಆ ಹಲಗೆಯಲ್ಲ, ಅಂಗಡಿಯವರ ಮಾತು. ಮಿಕ್ಕಿದ್ದನ್ನು ಅವಳೇ ಜೋಡಿಸಿಕೊಳ್ಳಬೇಕು. ಇಂಥದ್ದೇ ಅವಳಿಗೆ ಸರಿ ಅನ್ನಿಸಿತು. ಮೂರು ಸಾವಿರದ ಆಸುಪಾಸು ಕೊಟ್ಟು ಕಟ್ಟಿಸಿಕೊಂಡು ಬಂದೆ.

ಆ ಹಲಗೆಯ ಹೆಸರು ರಾಸ್ಪ್‌ಬೆರಿ ಪೈ. ಮಕ್ಕಳು ಕಂಪ್ಯೂಟರನ್ನು ಬಳಸಿದರಷ್ಟೇ ಸಾಲದು, ಅದಕ್ಕೆ ತಾವೇ ಕೆಲಸ ಹೇಳುವುದನ್ನೂ ಕಲಿಯಬೇಕು ಎಂದು ಬ್ರಿಟನ್ನಿನ ಕೇಂಬ್ರಿಡ್ಜ್‌ನ ಕೆಲವರು ಸೇರಿ ರೂಪಿಸಿದ್ದು. 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದಾಗ ಅದರ ಬೆಲೆ 35 ಡಾಲರ್. ಮನೆಯ ಟಿವಿಯೇ ಅದಕ್ಕೆ ಪರದೆ. ಉಗುರಿನಷ್ಟಗಲದ ಮೆಮೊರಿ ಕಾರ್ಡಿನಲ್ಲಿ ಅದರ ಬುದ್ಧಿಯೆಲ್ಲ ಅಡಗಿರುತ್ತದೆ. ಅಮ್ಮನ ಧಾರಾವಾಹಿ ಮುಗಿಯುವವರೆಗೆ ಕಾದು, ರಾತ್ರಿ ಒಂಬತ್ತೂವರೆಗೆ ತಂತಿ ಜೋಡಿಸಿದೆವು. ಪರದೆ ಬೆಳಗಿತು. ಪಟ್ಟಿಯಲ್ಲಿ 'ಗೇಮ್ಸ್' ಎಂದಿದ್ದ ಕಡೆ ಪುಟ್ಟಿ ಒತ್ತಿದಳು. ಹಸಿರು ಗುಡ್ಡ, ನೀಲಿ ನೀರು, ಮರ, ಎಲ್ಲವೂ ಚೌಕ ಚೌಕವಾಗಿ ಕಣ್ಣ ಮುಂದೆ ನಿಂತವು.

ಅದು ಮೈನ್‌ಕ್ರಾಫ್ಟ್. ಅವತ್ತು ರಾತ್ರಿ ನಮ್ಮ ಮನೆಯೊಳಗೆ ಬಂದ ಆಟ ಇವತ್ತಿಗೂ ಹೊರಗೆ ಹೋಗಿಲ್ಲ.

ಅಗೆಯುವುದು, ಕಟ್ಟುವುದು

ಮೈನ್ ಅಂದರೆ ಗಣಿ, ಕ್ರಾಫ್ಟ್ ಅಂದರೆ ಕಸುಬು. ಆಟದ ತಿರುಳು ಹೆಸರಿನಲ್ಲೇ ಇದೆ. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಎಂಬ ಪ್ರೋಗ್ರಾಮರ್ 2009ರ ಮೇ ತಿಂಗಳಲ್ಲಿ ಇದರ ಮೊದಲ ಕಚ್ಚಾ ರೂಪವನ್ನು ಜನರ ಕೈಗೆ ಕೊಟ್ಟರು. ಪೂರ್ಣ ರೂಪದಲ್ಲಿ ಬಿಡುಗಡೆಯಾದದ್ದು 2011ರ ನವೆಂಬರ್ 18ರಂದು. 2014ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಈ ಆಟವನ್ನೂ ಅದನ್ನು ಮಾಡಿದ ಮೊಜಾಂಗ್ ಸಂಸ್ಥೆಯನ್ನೂ 250 ಕೋಟಿ ಡಾಲರ್ ಕೊಟ್ಟು ಕೊಂಡಿತು. 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದ್ದವು. ಜಗತ್ತಿನಲ್ಲಿ ಇಷ್ಟು ಮಾರಾಟವಾದ ವಿಡಿಯೊ ಗೇಮ್ ಇನ್ನೊಂದಿಲ್ಲ.

ಆಟದೊಳಗೆ ಮಣ್ಣು, ಕಲ್ಲು, ಮರಳು, ಮರ ಎಲ್ಲವೂ ಒಂದು ಮೀಟರ್ ಉದ್ದ, ಅಗಲ, ಎತ್ತರದ ದಾಳಗಳು. ಮಕ್ಕಳ ಬಾಯಲ್ಲಿ ಬ್ಲಾಕು. ಒಡೆದರೆ ಕೈಗೆ ಬರುತ್ತದೆ, ಬೇಕಾದ ಕಡೆ ಇಡಬಹುದು. ಮರ ಕಡಿದು ಒಂದು ದಿಮ್ಮಿ ತಂದರೆ ನಾಲ್ಕು ಹಲಗೆ ಸಿಗುತ್ತವೆ. ನಾಲ್ಕು ಹಲಗೆ ಸೇರಿಸಿದರೆ ಒಂದು ಕೆಲಸದ ಮೇಜು. ಮೇಜಿದ್ದರೆ ಮರದ ಗುದ್ದಲಿ, ಅದರಿಂದ ಕಲ್ಲು, ಕಲ್ಲಿನ ಗುದ್ದಲಿಯಿಂದ ಕಬ್ಬಿಣ, ಕಬ್ಬಿಣದ ಗುದ್ದಲಿಯಿಂದ ವಜ್ರ. ಆಟದ ಒಂದು ದಿನ ಅಂದರೆ ನಮ್ಮ 20 ನಿಮಿಷ. ಕತ್ತಲಾದರೆ ಪಿಶಾಚಿಗಳು ಓಡಾಡುತ್ತವೆ, ಅಷ್ಟರೊಳಗೆ ತಲೆಯ ಮೇಲೊಂದು ಸೂರು ಆಗಬೇಕು. ಇನ್ನೊಂದು ಬಗೆಯಲ್ಲಿ ಪಿಶಾಚಿಯೂ ಇಲ್ಲ, ಹಸಿವೂ ಇಲ್ಲ. ಬೇಕಾದಷ್ಟು ಬ್ಲಾಕು, ಬೇಕಾದಷ್ಟು ಹೊತ್ತು, ಕಟ್ಟುತ್ತಾ ಹೋಗುವುದೇ ಆಟ. ರಾಸ್ಪ್‌ಬೆರಿ ಪೈಗೆಂದು 2013ರಲ್ಲಿ ಉಚಿತವಾಗಿ ಬಿಟ್ಟ ಪುಟ್ಟ ಆವೃತ್ತಿಯಲ್ಲಿದ್ದದ್ದು ಈ ಎರಡನೆಯದು ಮಾತ್ರ.

ಇಂಥದ್ದನ್ನು ಕಟ್ಟು ಎಂದು ಈ ಆವೃತ್ತಿ ಎಲ್ಲೂ ಹೇಳುವುದಿಲ್ಲ. ಅಂಕ ಕೊಡುವುದಿಲ್ಲ, ಸೋತೆ ಎನ್ನುವುದಿಲ್ಲ. ಸಾಮಾನು ಕೊಟ್ಟು ಸುಮ್ಮನಾಗುತ್ತದೆ. ಮಗುವಿನ ತಲೆಯಲ್ಲಿ ಏನಿದೆಯೋ ಅದು ಹೊರಗೆ ಬರಬೇಕು. ಮೊದಲ ರಾತ್ರಿ ಪುಟ್ಟಿ ಕಟ್ಟಿದ್ದು ನಮ್ಮ ಮನೆಯನ್ನೇ. ಮುಂದೆ ಮಗ್ಗದ ಕೋಣೆ, ಹಿಂದೆ ಅಡುಗೆಮನೆ, ನಡುವೆ ತೊಟ್ಟಿಯ ಜಾಗದಲ್ಲಿ ನೀರು.

ಅಪ್ಪನ ಗ್ರಾಫ್ ಹಾಳೆ

ಮಾರನೆಯ ದಿನ ಅವಳ ಪಕ್ಕ ಕೂತು ನೋಡುವಾಗ ನನಗೆ ಒಂದು ಹೊಳೆಯಿತು. ಈ ಚೌಕಗಳನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ.

ನಮ್ಮದು ನೇಕಾರರ ಮನೆ. ದೊಡ್ಡಬಳ್ಳಾಪುರದಲ್ಲಿ ಸಾವಿರಾರು ವಿದ್ಯುತ್ ಮಗ್ಗಗಳಿವೆ, ಅದರಲ್ಲಿ ನಾಲ್ಕು ನಮ್ಮವು. ಅಪ್ಪ ನೇಯುತ್ತಿದ್ದರು, ಅದರ ಜೊತೆಗೆ ಅಂಚು, ಸೆರಗಿನ ಡಿಸೈನ್ ಬರೆಯುತ್ತಿದ್ದರು. ಬರೆಯುವುದು ಗ್ರಾಫ್ ಹಾಳೆಯ ಮೇಲೆ. ಉದ್ದಕ್ಕಿರುವ ಒಂದೊಂದು ಸಾಲೂ ಹಾಸಿನ ಒಂದು ಎಳೆ, ಅಡ್ಡಕ್ಕಿರುವ ಒಂದೊಂದು ಸಾಲೂ ಲಾಳಿಯ ಒಂದು ಓಟ. ಜರಿ ಮೇಲೆ ಕಾಣಬೇಕಾದ ಮನೆಗೆ ಕೆಂಪು ಬಣ್ಣ, ಬೇಡದ ಮನೆ ಖಾಲಿ. ಹಾಳೆ ಮುಗಿದ ಮೇಲೆ ಅದನ್ನು ನೋಡಿಕೊಂಡು ದಪ್ಪ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವುದು. ಲಾಳಿ ಒಮ್ಮೆ ಹಾಯುವುದಕ್ಕೆ ಒಂದು ಕಾರ್ಡು. ನೂರಾರು ಕಾರ್ಡುಗಳನ್ನು ದಾರದಿಂದ ಹೆಣೆದು ಮಗ್ಗದ ನೆತ್ತಿಯ ಮೇಲಿನ ಜಕಾರ್ಡಿಗೆ ಏರಿಸಿದರೆ, ತೂತಿದ್ದ ಕಡೆ ಸೂಜಿ ಒಳಗೆ ಹೋಗುತ್ತದೆ, ಹುಕ್ಕು ಎಳೆಯನ್ನು ಎತ್ತುತ್ತದೆ. ತೂತಿಲ್ಲದ ಕಡೆ ಸೂಜಿ ಹಿಂದೆ ಸರಿಯುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಎತ್ತು, ಬಿಡು. ಈ ಎರಡೇ ಮಾತಿನಲ್ಲಿ ನವಿಲೂ ಆಗುತ್ತದೆ, ಮಾವಿನಕಾಯಿ ಬುಟ್ಟಾವೂ ಆಗುತ್ತದೆ.

ಚಿಕ್ಕವನಿದ್ದಾಗ ಪುಷ್ಯ ಮಾಸದ ಘಾಟಿ ಸುಬ್ರಹ್ಮಣ್ಯ ಜಾತ್ರೆಯಲ್ಲಿ ಅಪ್ಪ ನನಗೂ ಅಣ್ಣನಿಗೂ ಆಟದ ಸಾಮಾನು ಕೊಡಿಸುತ್ತಿದ್ದರು. ತಗಡಿನ ಬಸ್ಸು, ಗಿರಗಟ್ಟಲೆ, ಪೀಪಿ. ದನಗಳ ಸಾಲು ದಾಟಿ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅವುಗಳ ಗುಟ್ಟೆಲ್ಲ ಗೊತ್ತಾಗಿ ಹೋಗಿರುತ್ತಿತ್ತು. ವರ್ಷವಿಡೀ ಬೇಸರವಾಗದ ಆಟಿಕೆ ಅಂದರೆ ಮಗ್ಗದ ಕೋಣೆಯ ಮೂಲೆಯಲ್ಲಿ ಬಿದ್ದಿರುತ್ತಿದ್ದ ಹಳೇ ಕಾರ್ಡುಗಳು, ಖಾಲಿ ಕಂಡಿಕೆಗಳು. ಕಂಡಿಕೆಯ ಕಂಬ, ಕಾರ್ಡಿನ ಮಾಡು. ತೂತಿನಿಂದ ಬಿಸಿಲು ಒಳಗೆ ಬೀಳುತ್ತಿತ್ತು. ಕೆಡವಿ ಕಟ್ಟುತ್ತಿದ್ದೆವು, ಕಟ್ಟಿ ಕೆಡವುತ್ತಿದ್ದೆವು.

ಈ ತೂತಿನ ಕಾರ್ಡಿನ ಉಪಾಯವನ್ನು ಪಕ್ಕಾ ಮಾಡಿದವರು ಫ್ರಾನ್ಸಿನ ಲಿಯೋನ್ ಊರಿನ ಜೋಸೆಫ್ ಮಾರಿ ಜಕಾರ್ಡ್, 1804ರ ಸುಮಾರಿಗೆ. ಅವರ ಮುಖವನ್ನೇ ರೇಷ್ಮೆಯಲ್ಲಿ ನೇಯಲು ಮುಂದೆ ಯಾರೋ 24,000 ಕಾರ್ಡು ಬಳಸಿದರು. ಆ ರೇಷ್ಮೆ ಚಿತ್ರದ ಒಂದು ಪ್ರತಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅವರ ಹತ್ತಿರ ಇತ್ತು. ಲೆಕ್ಕ ಮಾಡುವ ಯಂತ್ರದ ಕನಸು ಕಂಡಾಗ ಅದಕ್ಕೆ ಅಪ್ಪಣೆ ಕೊಡಲು ಅವರು ಆರಿಸಿಕೊಂಡದ್ದು ನೇಕಾರನ ಕಾರ್ಡನ್ನೇ. ಇಪ್ಪತ್ತನೇ ಶತಮಾನದ ಕಂಪ್ಯೂಟರುಗಳೂ ಎಷ್ಟೋ ವರ್ಷ ತೂತಿನ ಕಾರ್ಡನ್ನೇ ಓದಿದವು. ಇದು ನನಗೆ ಮೊದಲು ಗೊತ್ತಿರಲಿಲ್ಲ. ಪುಟ್ಟಿಗೆ ಹೇಳಬೇಕೆಂದು ಓದಿ ತಿಳಿದುಕೊಂಡದ್ದು. ತಿಳಿದ ದಿನ ಮಗ್ಗದ ಕೋಣೆಗೆ ಹೋಗಿ ಜಕಾರ್ಡನ್ನು ತುಂಬಾ ಹೊತ್ತು ನೋಡುತ್ತಾ ನಿಂತಿದ್ದೆ.

ಅಟ್ಟದ ಟ್ರಂಕಿನಲ್ಲಿ ಅಪ್ಪ ಬಿಟ್ಟುಹೋದ ಗ್ರಾಫ್ ಹಾಳೆಗಳಿದ್ದವು, ಬರೆದವೂ ಖಾಲಿಯವೂ. ಖಾಲಿ ಹಾಳೆಗಳನ್ನು ತಂದು ಅವಳ ಮುಂದಿಟ್ಟೆ. "ಒಂದು ಮನೆ ಅಂದ್ರೆ ಒಂದು ಬ್ಲಾಕು. ಮೊದಲು ಬರಿ, ಆಮೇಲೆ ಕಟ್ಟು" ಎಂದೆ.

ಇಪ್ಪತ್ತು ಎಕರೆ ಹಿಡಿಸಲ್ಲ

ಅವಳು ಕಟ್ಟಬೇಕೆಂದು ಹಟ ಹಿಡಿದದ್ದು ದೇವನಹಳ್ಳಿ ಕೋಟೆಯನ್ನು. ಶಾಲೆಯಿಂದ ಒಮ್ಮೆ ಕರೆದುಕೊಂಡು ಹೋಗಿದ್ದರಂತೆ. 1501ರಲ್ಲಿ ಮಲ್ಲಬೈರೇಗೌಡರು ಕಟ್ಟಿಸಿದ ಮಣ್ಣಿನ ಕೋಟೆ ಅದು. ಹೈದರ್, ಟಿಪ್ಪು ಕಾಲದಲ್ಲಿ ಕಲ್ಲಿನ ಕೋಟೆಯಾಯಿತು. ಟಿಪ್ಪು ಹುಟ್ಟಿದ್ದು ಅದರ ಹತ್ತಿರದಲ್ಲೇ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಅದನ್ನು ಹಿಡಿಯಿತು. ಈಗ ಗೋಡೆಯ ಮೇಲೆ ನಿಂತರೆ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಕಾಣುತ್ತವೆ. ಕೋಟೆಯೊಳಗೆ ವೇಣುಗೋಪಾಲಸ್ವಾಮಿ ಗುಡಿಯಿದೆ, ಮನೆಗಳಿವೆ, ಜನ ಬಾಳುತ್ತಿದ್ದಾರೆ.

ಒಂದು ಭಾನುವಾರ ಇಬ್ಬರೂ ಹೋದೆವು. ಅಳೆಯಲು ನಾನು ತೆಗೆದುಕೊಂಡು ಹೋಗಿದ್ದು ಮಗ್ಗದಲ್ಲಿ ಉಳಿದ ಹಾಸಿನ ಎಳೆಗಳನ್ನು ಹುರಿ ಮಾಡಿದ ದಾರ, ಮೀಟರಿಗೊಂದು ಗಂಟು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಒಂದು ಕೊತ್ತಲದಿಂದ ಇನ್ನೊಂದು ಕೊತ್ತಲಕ್ಕೆ ಗಂಟು ಎಣಿಸುತ್ತಾ ಹೋದೆವು. ದಾರ ಹಿಡಿಯಲಾಗದ ಕಡೆ ಹೆಜ್ಜೆ ಎಣಿಸಿದಳು. ಅರ್ಧವೃತ್ತದ ಕೊತ್ತಲಗಳು ಹನ್ನೆರಡು. ಆಟ ಆಡುವ ಹುಡುಗಿ ಬಿಸಿಲಲ್ಲಿ ಮೂರು ಗಂಟೆ ಕಲ್ಲು ಮುಟ್ಟಿ ಮುಟ್ಟಿ ನೋಡಿದಳು. ಗುಂಡು ಹಾರಿಸುವ ಕಿಂಡಿಗಳಲ್ಲಿ ಕೈತೂರಿಸಿ ಅವು ಯಾಕೆ ಕೆಳಮುಖವಾಗಿವೆ ಎಂದು ಕೇಳಿದಳು. ಗೋಡೆಯ ಬುಡದಲ್ಲಿ ನಿಂತವನಿಗೂ ಗುರಿಯಿಡಬೇಕಲ್ಲ ಎಂದೆ. ಎಷ್ಟೋ ಸಲ ದೇವನಹಳ್ಳಿ ಮೇಲೆ ಹಾದುಹೋಗಿದ್ದ ನಾನೂ ಅವತ್ತೇ ಆ ಕೋಟೆಯನ್ನು ಸರಿಯಾಗಿ ನೋಡಿದ್ದು.

ಮನೆಗೆ ಬಂದು ಲೆಕ್ಕ ಹಾಕಿದಾಗ ತೊಡಕು ಎದುರಾಯಿತು. ಕೋಟೆ ಸುಮಾರು 20 ಎಕರೆ. ಎಕರೆಗೆ 4,047 ಚದರ ಮೀಟರಿನಂತೆ ಹತ್ತಿರ ಹತ್ತಿರ 81,000 ಚದರ ಮೀಟರ್. ಪೈ ಆವೃತ್ತಿಯ ಲೋಕವೋ 256 ಬ್ಲಾಕು ಉದ್ದ, 256 ಬ್ಲಾಕು ಅಗಲ. ಗುಣಿಸಿದರೆ 65,536. "ಚಿಕ್ಕಪ್ಪಾ, ಇಪ್ಪತ್ತು ಎಕರೆ ಇದರಲ್ಲಿ ಹಿಡಿಸಲ್ಲ!" ಎಂದು ಕೂಗಿದಳು. ಎರಡು ಮೀಟರಿಗೆ ಒಂದು ಬ್ಲಾಕು ಮಾಡೋಣ ಎಂದಾಯಿತು. ಉದ್ದ ಅರ್ಧ, ಅಗಲ ಅರ್ಧ ಆದಾಗ ಜಾಗ ಅರ್ಧವಲ್ಲ, ಕಾಲು ಭಾಗ ಆಗುತ್ತದೆ ಎಂಬುದು ಅವಳಿಗೆ ಯಾವ ಪಾಠದಲ್ಲೂ ಅಷ್ಟು ಗಟ್ಟಿಯಾಗಿ ಕೂತಿರಲಿಲ್ಲ. 81,000 ಇದ್ದದ್ದು 20,000ದ ಹತ್ತಿರಕ್ಕೆ ಬಂತು. ಕೋಟೆ ಹಿಡಿಸಿತು, ಸುತ್ತ ಬಯಲಿಗೂ ಜಾಗ ಉಳಿಯಿತು.

ಇನ್ನೊಂದು ತೊಡಕು, ಚೌಕದಲ್ಲಿ ದುಂಡು ತರುವುದು ಹೇಗೆ? ಕೊತ್ತಲಗಳು ದುಂಡಗಿವೆ, ಬ್ಲಾಕುಗಳಿಗೆ ಮೂಲೆಗಳಿವೆ. ಟ್ರಂಕಿನಿಂದ ಅಪ್ಪನ ಮಾವಿನಕಾಯಿ ಬುಟ್ಟಾದ ಹಾಳೆ ತೆಗೆದು ತೋರಿಸಿದೆ. ಮಾವಿನಕಾಯಿಯ ಬಾಗು ಹತ್ತಿರದಿಂದ ನೋಡಿದರೆ ಬರೀ ಮೆಟ್ಟಿಲು. ಮೂರು ಮನೆ ಅಡ್ಡಕ್ಕೆ, ಒಂದು ಇಳಿದು ಎರಡು ಮನೆ, ಆಮೇಲೆ ಒಂದು, ಒಂದು, ಅಲ್ಲಿಂದ ಎರಡು ಮನೆ ಕೆಳಕ್ಕೆ, ಕೊನೆಗೆ ಮೂರು. ದೂರದಿಂದ ನೋಡಿದರೆ ಕಣ್ಣೇ ಅದನ್ನು ದುಂಡಗೆ ಮಾಡಿಕೊಳ್ಳುತ್ತದೆ. ಅವಳು ಬೆರಳಿಟ್ಟು ಎಣಿಸಿದಳು. "ತಾತ ಕೊತ್ತಲ ಬರ್ದಿದ್ದಾರೆ" ಎಂದಳು.

ಕರೆಂಟು ಹೋದ ಸಂಜೆ

ಮೂರು ವಾರ ಕಟ್ಟಿದಳು. ಶಾಲೆ ಮುಗಿದ ಮೇಲೆ ದಿನಕ್ಕೆ ಒಂದು ಗಂಟೆ, ಭಾನುವಾರ ಎರಡು ಗಂಟೆ. ಒಂಬತ್ತು ಕೊತ್ತಲ ಎದ್ದಿದ್ದವು, ಪೂರ್ವದ ಬಾಗಿಲು ಮುಗಿದಿತ್ತು. ಒಂದು ಸಂಜೆ ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಮಗ್ಗಗಳು ನಿಂತವು, ಟಿವಿ ಕಪ್ಪಾಯಿತು. ಇಂಥ ಪುಟ್ಟ ಕಂಪ್ಯೂಟರಿಗೆ ಬ್ಯಾಟರಿ ಇರುವುದಿಲ್ಲ. ಮೆಮೊರಿ ಕಾರ್ಡಿನ ಮೇಲೆ ಬರೆಯುತ್ತಿರುವಾಗಲೇ ವಿದ್ಯುತ್ ನಿಂತರೆ ಬರಹ ಅರ್ಧಕ್ಕೆ ಕೆಟ್ಟು, ಕೆಲವು ಸಲ ಇಡೀ ಕಾರ್ಡೇ ಓದಲು ಬಾರದಂತಾಗುತ್ತದೆ. ಕರೆಂಟು ಬಂದಾಗ ಪರದೆಯ ಮೇಲೆ ಬಿಳಿ ಅಕ್ಷರದ ಒಂದಿಷ್ಟು ಸಾಲು ಬಂದು ನಿಂತುಬಿಟ್ಟವು. ಕೋಟೆ ಹೋಗಿತ್ತು.

ಪುಟ್ಟಿ ಅತ್ತಳು. ನನಗೂ ಗಂಟಲು ಕಟ್ಟಿತು. ಇನ್ನೊಂದು ಪ್ರತಿ ತೆಗೆದಿಡಬೇಕಿತ್ತು ಎಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಅಡುಗೆಮನೆಯಿಂದ ಅಮ್ಮ ಬಂದರು. ಅವಳ ಬೆನ್ನು ಸವರುತ್ತಾ, ಮಗ್ಗದ ಮೇಲಿದ್ದ ಸೀರೆಗೆ ಎಣ್ಣೆ ಬಿದ್ದಾಗಲೋ ಜರಿ ಹರಿದು ಹಾಳಾದಾಗಲೋ ಅಪ್ಪ ಹೇಳುತ್ತಿದ್ದ ಮಾತನ್ನು ಹೇಳಿದರು: "ಕಾರ್ಡು ಇದ್ರೆ ಸೀರೆ ಮತ್ತೆ ನೇಯ್ಬಹುದು ಕಣಮ್ಮ. ನಿನ್ನ ಹಾಳೆ ಎಲ್ಲಿದೆ?"

ಹಾಳೆಗಳು ಇದ್ದವು. ಹನ್ನೊಂದು ಗ್ರಾಫ್ ಹಾಳೆ, ಪೆನ್ಸಿಲಿನಲ್ಲಿ ಬರೆದು ಕೆಂಪು ಸ್ಕೆಚ್ ಪೆನ್ನಿನಲ್ಲಿ ತುಂಬಿದ್ದು, ಒಂದಕ್ಕೊಂದು ಗೋಂದು ಹಚ್ಚಿ ಅಂಟಿಸಿದ್ದು.

ಆದರೆ ಅವಳು ಮತ್ತೆ ಕೈಯಿಂದ ಒಂದೊಂದೇ ಬ್ಲಾಕು ಇಡಲು ಕೂರಲಿಲ್ಲ. ಪೈ ಆವೃತ್ತಿಯ ದೊಡ್ಡ ಗುಣ ಇಲ್ಲಿದೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅಪ್ಪಣೆ ಬರೆದರೆ ಆಟದೊಳಗೆ ಬ್ಲಾಕು ತಾನಾಗಿ ಬಂದು ಕೂರುತ್ತದೆ. ಎಲ್ಲಿಂದ, ಎಲ್ಲಿಯವರೆಗೆ, ಎಷ್ಟು ಎತ್ತರ, ಯಾವ ಸಾಮಾನು ಎಂದು ಹೇಳಿದರೆ ಸಾಕು. ಕಲ್ಲಿನ ಸಂಖ್ಯೆ 1. ಶಾಲೆಯ ಕಂಪ್ಯೂಟರ್ ಮೇಡಂ ಹತ್ತಿರ ಕೇಳಿಕೊಂಡು, ಗ್ರಂಥಾಲಯದ ಪುಸ್ತಕ ನೋಡಿಕೊಂಡು, ಹಾಳೆಯ ಒಂದೊಂದು ಸಾಲನ್ನೂ ಒಂದೊಂದು ಅಪ್ಪಣೆಯಾಗಿ ಬರೆದಳು. ಕೊತ್ತಲವನ್ನು ಒಂದೇ ಸಲ ಬರೆದು, ದಿಕ್ಕು ಬದಲಿಸಿ ಹನ್ನೆರಡು ಕಡೆ ಕರೆದಳು. ನಮ್ಮ ಕಸುಬಿನಲ್ಲಿ ಒಂದು ಬುಟ್ಟಾ ಬರೆದು ಸೀರೆ ತುಂಬ ಚೆಲ್ಲುವುದು ಹೀಗೆಯೇ. ಎಷ್ಟೋ ದಿನ ತಪ್ಪು ಬಂತು. ಒಂದು ಸಲ ಕೊತ್ತಲವೊಂದು ಒಳಮುಖವಾಗಿ ಎದ್ದಿತು, ಇನ್ನೊಂದು ಸಲ ಗೋಡೆ ನೀರೊಳಗೆ ಇಳಿಯಿತು. ಬೇಸಿಗೆ ರಜೆಯ ಒಂದು ಮಧ್ಯಾಹ್ನ ಎಲ್ಲ ಸರಿಹೋಯಿತು. ಗುಂಡಿ ಒತ್ತಿದಳು. ಬರಿ ಬಯಲಿನಲ್ಲಿ ಕಲ್ಲಿನ ಗೋಡೆ ಸರಸರನೆ ಎದ್ದು, ಸುತ್ತಿ ಬಂದು ಸೇರಿಕೊಂಡಿತು. ಮೂರು ವಾರದ ಕೆಲಸ ಒಂದು ನಿಮಿಷದೊಳಗೆ ಮುಗಿದಿತ್ತು. ಮಗ್ಗ ನಿಲ್ಲಿಸಿ ಮನೆಮಂದಿಯೆಲ್ಲ ಬಂದು ನೋಡಿದೆವು. ಆಮೇಲೆ ಅವಳು ತಾನೇ ಅದನ್ನು ಅಳಿಸಿದಳು. ಮತ್ತೆ ಗುಂಡಿ ಒತ್ತಿದಳು, ಮತ್ತೆ ಎದ್ದಿತು. ಇನ್ನು ಕರೆಂಟು ಹೋದರೂ ಅವಳಿಗೆ ಹೆದರಿಕೆಯಿಲ್ಲ. ಕಾರ್ಡು ಅವಳ ಹತ್ತಿರ ಇತ್ತು.

ಮಗ್ಗ ನಿಂತ ಕೈಗಳು

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ನೂಲು ಬರಲಿಲ್ಲ, ಸೀರೆ ಕೊಳ್ಳುವವರಿರಲಿಲ್ಲ. ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿಲ್ಲದ ರಾತ್ರಿಗಳನ್ನು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು. ಆನ್‌ಲೈನ್ ಪಾಠಕ್ಕೆಂದು ಅಣ್ಣ ಹಳೇ ಲ್ಯಾಪ್‌ಟಾಪ್ ತಂದಿದ್ದ. ಪುಟ್ಟಿ ಅದರಲ್ಲಿ ಮೈನ್‌ಕ್ರಾಫ್ಟ್‌ನ ಪೂರ್ಣ ಆವೃತ್ತಿ ಹಾಕಿಸಿಕೊಂಡಿದ್ದಳು. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಸ್ವಯಂಸೇವಕರು ಅನುವಾದಿಸಿದ್ದು. ಅವಳು ಮಲಗಿದ ಮೇಲೆ ನಾನು ಕೂರುತ್ತಿದ್ದೆ.

ಮೊದಲು ಅರ್ಧ ಗಂಟೆ, ಆಮೇಲೆ ಹನ್ನೆರಡರವರೆಗೆ, ಆಮೇಲೆ ಎರಡು ಗಂಟೆಯಾದರೂ ಏಳುತ್ತಿರಲಿಲ್ಲ. ಕಲ್ಲು ಸಿಕ್ಕರೆ ಕಬ್ಬಿಣ ಹುಡುಕೋಣ, ಕಬ್ಬಿಣ ಸಿಕ್ಕರೆ ಕುಲುಮೆ ಹಾಕೋಣ, ಕುಲುಮೆ ಆಯಿತು, ಒಂದು ಬೆಳಗಾಗಲಿ, ಸಾಕು. ಬೆಳಗು ಇಪ್ಪತ್ತೇ ನಿಮಿಷಕ್ಕೊಮ್ಮೆ ಆಗುತ್ತಿತ್ತು. ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದರ ತುದಿ ಕೈಗೆ ಸಿಗುವಂತೆ ಆಟ ಹೆಣೆದಿದೆ. ಹಾಸು ಮುಗಿಯುವ ಹೊತ್ತಿಗೆ ಹೊಸ ಹಾಸಿನ ಎಳೆಗಳನ್ನು ಹಳೆಯದರ ತುದಿಗೆ ಹುರಿಗಟ್ಟಿ ಮಗ್ಗ ನಿಲ್ಲದಂತೆ ನೋಡಿಕೊಳ್ಳುತ್ತೇವಲ್ಲ, ಹಾಗೆ.

ಆ ದಿನಗಳಲ್ಲಿ ಕೆಂಪುಕಲ್ಲು ಅಂದರೆ ರೆಡ್‌ಸ್ಟೋನ್ ನನ್ನನ್ನು ಹಿಡಿದುಬಿಟ್ಟಿತು. ಅದರ ಪುಡಿಯನ್ನು ನೆಲದ ಮೇಲೆ ಎಳೆದರೆ ತಂತಿಯಂತೆ ಶಕ್ತಿ ಹರಿಯುತ್ತದೆ, 15 ಬ್ಲಾಕು ದಾಟಿದರೆ ಬತ್ತುತ್ತದೆ. ಸನ್ನೆ ಒತ್ತಿದರೆ ದೂರದ ಬಾಗಿಲು ತೆರೆಯುತ್ತದೆ. ಕೆಂಪುಕಲ್ಲಿನ ಪಂಜನ್ನು ಒಂದು ಬ್ಲಾಕಿಗೆ ಸಿಕ್ಕಿಸಿ ಆ ಬ್ಲಾಕಿಗೆ ಶಕ್ತಿ ಕೊಟ್ಟರೆ ಪಂಜು ಆರುತ್ತದೆ, ಶಕ್ತಿ ತೆಗೆದರೆ ಹತ್ತುತ್ತದೆ. ಹೌದು ಎಂದರೆ ಅಲ್ಲ, ಅಲ್ಲ ಎಂದರೆ ಹೌದು. ಕಂಪ್ಯೂಟರಿನ ಚಿಪ್ಪಿನೊಳಗೆ ನಡೆಯುವ ಲೆಕ್ಕಕ್ಕೆ ಇದೇ ತಳಪಾಯ. ಈ ಪಂಜುಗಳನ್ನೇ ಜೋಡಿಸಿ ಆಟದೊಳಗೆ ಕೂಡುವ ಕಳೆಯುವ ಯಂತ್ರಗಳನ್ನು ಕಟ್ಟಿದವರಿದ್ದಾರೆ. ನಾನು ಒಂದು ಜಕಾರ್ಡು ಕಟ್ಟಲು ನೋಡಿದೆ. ಎಂಟು ಎಳೆಯದು. ಎತ್ತು, ಬಿಡು. ಹದಿನಾರು ರಾತ್ರಿ ಹಿಡಿಯಿತು. ಎಂಟು ಬ್ಲಾಕುಗಳು ನಾನು ಹೇಳಿದಂತೆ ಎದ್ದು ಇಳಿದಾಗ, ಕೆಲಸವಿಲ್ಲದೆ ಸೋತಿದ್ದ ಕೈಗಳಿಗೆ ಪ್ರಾಣ ಬಂದಂತಾಯಿತು.

ಅದರ ಬೆಲೆಯನ್ನೂ ತೆತ್ತಿದ್ದೇನೆ. ಕಣ್ಣು ಕೆಂಪಾದವು, ಬೆಳಗ್ಗೆ ಏಳಲಾಗುತ್ತಿರಲಿಲ್ಲ, ಊಟದ ಹೊತ್ತು ತಪ್ಪಿತು. ಹೆಂಡತಿ ಒಂದು ದಿನ ಜಗಳವಾಡದೆ ಮೆಲ್ಲಗೆ ಕೇಳಿದಳು: "ನಮ್ಮ ಜೊತೆ ಮಾತಾಡಿ ಎಷ್ಟು ದಿನ ಆಯ್ತು, ಗೊತ್ತಾ?" ಆ ಪ್ರಶ್ನೆ ನಾಟಿತು. ಅದಕ್ಕೇ ಈ ಆಟವನ್ನು ಹೊಗಳುವಾಗ ಅದರ ಸೆಳೆತದ ಬಗ್ಗೆಯೂ ಹೇಳುವುದು ನನ್ನ ಕರ್ತವ್ಯ.

ಗೀಳು ಎಲ್ಲಿಂದ ಶುರು

ವಿಶ್ವ ಆರೋಗ್ಯ ಸಂಸ್ಥೆ ವಿಡಿಯೊ ಗೇಮ್ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. 2019ರಲ್ಲಿ ಒಪ್ಪಿದ ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಹೆಚ್ಚು ಹೊತ್ತು ಆಡಿದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಆಟದ ಮೇಲೆ ಹಿಡಿತ ತಪ್ಪಬೇಕು, ಬದುಕಿನ ಬೇರೆಲ್ಲಕ್ಕಿಂತ ಆಟವೇ ಮುಂದಾಗಬೇಕು, ಕೆಡುಕಾಗುತ್ತಿದೆ ಎಂದು ಕಂಡರೂ ಬಿಡಲಾಗದಿರಬೇಕು, ಮತ್ತು ಇದು ಸಾಮಾನ್ಯವಾಗಿ ಒಂದು ವರ್ಷವಾದರೂ ನಡೆದಿರಬೇಕು. ಇಂಥ ತೊಂದರೆಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ 'ಶಟ್' ಎಂಬ ಕ್ಲಿನಿಕ್ ತೆರೆಯಿತು. ಮಗು ಊಟ, ನಿದ್ದೆ, ಶಾಲೆ ಬಿಟ್ಟು ಪರದೆಗೆ ಅಂಟಿದ್ದರೆ ಬೈದು ಬಡಿದು ಮಾಡುವ ಬದಲು ಅಲ್ಲಿಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಹಣ ಕಟ್ಟುವ ಆಟ ಬೇರೆ, ಮನೆ ಕಟ್ಟುವ ಆಟ ಬೇರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರಲ್ಲಿ ತಂದಿತು. ಎರಡನ್ನೂ 'ಮೊಬೈಲ್ ಗೇಮು' ಎಂದು ಒಂದೇ ತಕ್ಕಡಿಯಲ್ಲಿ ತೂಗಿದರೆ ಕಟ್ಟುವ ಮಗುವಿಗೆ ಅನ್ಯಾಯ ಮಾಡಿದಂತೆ. ಜಗತ್ತು ಮೈನ್‌ಕ್ರಾಫ್ಟನ್ನು ದೊಡ್ಡ ಕೆಲಸಗಳಿಗೂ ಬಳಸಿದೆ. ಡೆನ್ಮಾರ್ಕಿನ ಸರ್ಕಾರಿ ಭೂಮಾಪನ ಇಲಾಖೆ 2014ರಲ್ಲಿ ಇಡೀ ದೇಶವನ್ನು ಅಳತೆಗೆ ಅಳತೆಯಾಗಿ ಆಟದೊಳಗೆ ತಂದು ಮಕ್ಕಳಿಗೆ ಬಿಟ್ಟಿತು. ವಿಶ್ವಸಂಸ್ಥೆಯ ವಸತಿ ವಿಭಾಗ 2012ರಿಂದ, ಕೆನ್ಯಾದ ನೈರೋಬಿಯಂಥ ನಗರಗಳ ಬಡ ಬಡಾವಣೆಗಳ ಜನರನ್ನೇ ಕೂರಿಸಿ, ತಮ್ಮ ಮೈದಾನ ಹೇಗಿರಬೇಕೆಂದು ಇದರಲ್ಲಿ ಕಟ್ಟಿ ತೋರಿಸಿ ಎಂದು ಕೇಳುತ್ತಿದೆ.

ನಮ್ಮ ಮನೆಯಲ್ಲಿ ಉಳಿದುಕೊಂಡ ಕಟ್ಟಳೆ ಮೂರೇ. ಒಂದು, ಕೂರುವ ಮೊದಲು ಇವತ್ತು ಏನು ಕಟ್ಟುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಅದು ಮುಗಿದರೆ ಏಳಬೇಕು. ಎರಡು, ಮೊದಲು ಹಾಳೆ, ಆಮೇಲೆ ಪರದೆ. ಮೂರು, ಗುರುತಿಲ್ಲದವರ ಜೊತೆ ಆಟದೊಳಗೆ ಮಾತಿಲ್ಲ. ಗಡಿಯಾರ ಹಿಡಿದು ಕಾಯುವುದಕ್ಕಿಂತ ಪಕ್ಕದಲ್ಲಿ ಕೂತು "ಇದೇನು ಕಟ್ಟುತ್ತಿದ್ದೀಯ?" ಎಂದು ಕೇಳುವ ದೊಡ್ಡವರು ಒಬ್ಬರಿದ್ದರೆ ಹೆಚ್ಚು ಕೆಲಸವಾಗುತ್ತದೆ. ಮೊದಲ ಕಟ್ಟಳೆಯನ್ನು ನನಗೆಂದೇ ಮಾಡಿದವಳು ಪುಟ್ಟಿ.

ಏನು ಕೊಡಿಸಬೇಕು?

ದಸರಾಕ್ಕೆ, ಬೇಸಿಗೆ ರಜೆಗೆ ಮಗುವಿಗೆ ಏನು ತರಲಿ ಎಂದು ಬೀದಿಯವರು ಈಗ ನನ್ನನ್ನು ಕೇಳುತ್ತಾರೆ. ಅರ್ಧ ಬಾಕಿ ಇರುವಂಥದ್ದನ್ನು ತನ್ನಿ ಎನ್ನುತ್ತೇನೆ. ಕಂಪ್ಯೂಟರೇ ಆಗಬೇಕೆಂದಿಲ್ಲ.

ತೀರಾ ಚಿಕ್ಕವರಿಗೆ ಚನ್ನಪಟ್ಟಣದ ಮರದ ತುಂಡುಗಳು. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟ ಅವುಗಳನ್ನು ಮಗು ಬಾಯಿಗಿಟ್ಟರೂ ಭಯವಿಲ್ಲ. ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದ, ತಗಡಿನ ಪಟ್ಟಿ, ನಟ್ಟು, ಬೋಲ್ಟಿನ ಮೆಕ್ಯಾನೊ ಮಾದರಿಯ ಸೆಟ್ಟು ಎಂಟು ಹತ್ತು ವರ್ಷದವರಿಗೆ ಈಗಲೂ ಸರಿ. ಡೆನ್ಮಾರ್ಕಿನ ಲೆಗೊ ಇಟ್ಟಿಗೆ ಈಗಿನ ರೂಪಕ್ಕೆ ಬಂದದ್ದು 1958ರಲ್ಲಿ. ಎಂಟು ಗುಬುಟಿನ ಬರೀ ಆರು ಇಟ್ಟಿಗೆಗಳನ್ನು 91 ಕೋಟಿಗೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದು ಎಂದು ಲೆಕ್ಕ ಹಾಕಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಅವರ ತಂಡ ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಎಂಬ ಸೂಕ್ಷ್ಮದರ್ಶಕ ರೂಪಿಸಿದೆ. ಅದರಲ್ಲಿ ಪುಟ್ಟಿ ಮೊದಲು ನೋಡಿದ್ದು ನಮ್ಮೂರ ನಾಗರಕೆರೆಯ ನೀರು, ಎರಡನೆಯದು ರೇಷ್ಮೆ ಎಳೆ. ದುಡ್ಡಿಲ್ಲದಿದ್ದರೂ ಚಿಂತೆಯಿಲ್ಲ. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ ಟ್ಯೂಬಿನ ತುಂಡುಗಳಿಂದ ತ್ರಿಕೋನ, ಗೋಪುರ, ಸೇತುವೆ ಮಾಡುವುದನ್ನು ಅರವಿಂದ ಗುಪ್ತ ಅವರು ದಶಕಗಳಿಂದ ದೇಶದ ಮಕ್ಕಳಿಗೆ ಹೇಳಿಕೊಡುತ್ತಾ ಬಂದಿದ್ದಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಬ್ಬನ್ ಪಾರ್ಕಿನ ಪಕ್ಕದ ವಿಶ್ವೇಶ್ವರಯ್ಯ ತಾಂತ್ರಿಕ ಸಂಗ್ರಹಾಲಯದಲ್ಲಿ ಒಂದು ಇಡೀ ದಿನ ಕಳೆಯುವುದೂ ಉಡುಗೊರೆಯೇ.

ಯಾವುದನ್ನು ಕೊಟ್ಟರೂ ಅದರ ಜೊತೆ ನಿಮ್ಮ ಕಸುಬನ್ನೂ ಸೇರಿಸಿ ಕೊಡಿ. ನಾನು ಗ್ರಾಫ್ ಹಾಳೆ ಕೊಟ್ಟೆ. ಗಾರೆ ಕೆಲಸದವರು ಮಟ್ಟಗೋಲು ಕೊಡಬಹುದು, ದರ್ಜಿಗಳು ಅಳತೆಪಟ್ಟಿ ಕೊಡಬಹುದು, ದ್ರಾಕ್ಷಿ ತೋಟದವರು ಚಪ್ಪರದ ಲೆಕ್ಕ ಹೇಳಿಕೊಡಬಹುದು. ಮಗು ಪರದೆಯೊಳಗೆ ಕಟ್ಟುವುದಕ್ಕೆ ಬೇರು ಸಿಗುವುದು ಅಲ್ಲಿಂದ.

ಪುಟ್ಟಿ ಈಗ ದೊಡ್ಡವಳಾಗಿದ್ದಾಳೆ, ಓದಿಗೆಂದು ಬೆಂಗಳೂರಿಗೆ ಹೋಗಿ ಬರುತ್ತಾಳೆ. ಹಸಿರು ಹಲಗೆಗೆ ಹೊಸ ಮೆಮೊರಿ ಕಾರ್ಡು ಹಾಕಿ, ಪ್ರತಿ ತೆಗೆದಿಡುವುದು ಹೇಗೆಂದು ಒಂದು ಚೀಟಿ ಬರೆದು, ನಮ್ಮ ಮಗ್ಗದಲ್ಲಿ ಕೆಲಸ ಮಾಡುವವರ ಮಗನಿಗೆ ಈ ಸಲ ದಸರಾಕ್ಕೆ ಅವಳೇ ಕೊಟ್ಟಳು. ಹುಡುಗ ಐದನೇ ಕ್ಲಾಸು. ಟ್ರಂಕಿನಿಂದ ಗ್ರಾಫ್ ಹಾಳೆ ತಂದು ಕೊಡುವಾಗ ನೋಡಿದೆ, ಖಾಲಿಯವು ನಾಲ್ಕೇ ಉಳಿದಿದ್ದವು. ಎಲ್ಲವನ್ನೂ ಅವನಿಗೇ ಕೊಟ್ಟೆ. ಘಾಟಿ ದೇವಸ್ಥಾನದ ಗೋಪುರ ಕಟ್ಟಬೇಕಂತೆ ಅವನಿಗೆ. "ಎಷ್ಟು ಮೀಟರ್ ಇದೆ ಅಣ್ಣಾ ಅದು?" ಎಂದು ಕೇಳಿದ.

ಗಂಟು ಹಾಕಿದ ದಾರವನ್ನು ಮೊಳೆಯಿಂದ ಇಳಿಸಿಟ್ಟಿದ್ದೇನೆ. ಬರುವ ಭಾನುವಾರ ಇಬ್ಬರೂ ಘಾಟಿಗೆ ಹೋಗುತ್ತೇವೆ.